ಹತ್ತನೇ ಈಜುಗಾರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಖಾಲಿ ಸಾಲು.

ಕುಣಿಗಲ್ ತಾಲ್ಲೂಕು ಕಚೇರಿಯ ಎರಡನೇ ದರ್ಜೆ ಸಹಾಯಕ ಗಂಗರಾಜುವಿನ ಮೇಜಿಗೆ ವರ್ಷಕ್ಕೊಂದು ಸಲ ಒಂದು ನಮೂನೆ ಬರುತ್ತಿತ್ತು: ‘ತಾಲ್ಲೂಕಿನ ನುರಿತ ಈಜುಗಾರರ ಪಟ್ಟಿ.’ ಕೆರೆ ಕೋಡಿ ಬಿದ್ದಾಗ, ಯಾರಾದರೂ ನೀರಿಗೆ ಬಿದ್ದಾಗ ಕರೆಯಲು ಹತ್ತು ಜನರ ಹೆಸರು ಮತ್ತು ಫೋನ್ ನಂಬರು. ಹತ್ತು ಸಾಲೂ ತುಂಬಿರಬೇಕು. ಒಂದು ಖಾಲಿ ಬಿಟ್ಟರೂ ಜಿಲ್ಲಾ ಕಚೇರಿಯವರು ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ನೇತುಹಾಕಿ ವಾಪಸ್ ಕಳಿಸುತ್ತಿದ್ದರು. ಹಿಂದಿನ ಗುಮಾಸ್ತ ಲಕ್ಷ್ಮೀನರಸಿಂಹಯ್ಯನವರು ಒಮ್ಮೆ ತಯಾರಿಸಿದ್ದೇ ಕೊನೆ. ಆಮೇಲೆ ಯಾರೂ ಪಟ್ಟಿ ತಯಾರಿಸಿರಲಿಲ್ಲ, ಹಳೆಯದರ ತಲೆಯ ಮೇಲೆ ಹೊಸ ಇಸವಿ ಕೂರಿಸುತ್ತಿದ್ದರು, ಅಷ್ಟೆ.

ಗಂಗರಾಜು ಮಾಡಿದ ತಪ್ಪೆಂದರೆ ಪ್ರಾಮಾಣಿಕತೆ. ಆರನೇ ಸಾಲಿನ ಈಜುಗಾರ ತೀರಿಕೊಂಡು ಮೂರು ವರ್ಷವಾಗಿದ್ದರೂ ಪಟ್ಟಿಯಲ್ಲಿ ಇನ್ನೂ ಈಜುತ್ತಲೇ ಇರುವುದು ಗೊತ್ತಾಗಿ, ಪಾಪ ಸುಸ್ತಾಗಿರುತ್ತಾನೆಂದು ಅವನನ್ನು ದಡ ಸೇರಿಸಿಬಿಟ್ಟ. ಕೆಳಗಿನವರು ಒಂದೊಂದು ಸಾಲು ಮೇಲೇರಿ, ಉಳಿದದ್ದು ಒಂಬತ್ತು. ಸಂಜೆ ಐದೂವರೆ. ತುಮಕೂರಿನ ಮರಳೂರಿನ ಮನೆಗೆ ಹೋಗುವ ಬಸ್ಸಿಗೆ ಇನ್ನು ಹತ್ತೇ ನಿಮಿಷ. ಹತ್ತನೇ ಸಾಲು ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು.

"ಸಾರ್, ಯಾವ್ದಾದ್ರೂ ಒಂದ್ ಹೆಸ್ರು ಹೇಳಿ ಬೇಗ, ಸಿಸ್ಟಂ ಆಫ್ ಮಾಡ್ಬೇಕು" ಎಂದ ಕಂಪ್ಯೂಟರ್ ಆಪರೇಟರ್ ನಾಸಿರ್.

ಅವಸರದಲ್ಲಿ ಬಾಯಿಗೆ ಬಂದದ್ದು ತನ್ನದೇ ಹೆಸರು. "ಗಂಗರಾಜು ಅಂತ ಹಾಕಪ್ಪ."

ಹೆಸರಿನಲ್ಲಿ ಸಾಕ್ಷಾತ್ ಗಂಗೆಯೇ ಇದ್ದರೂ ಗಂಗರಾಜುವಿಗೂ ನೀರಿಗೂ ಇದ್ದ ಸಂಬಂಧ ಒಂದು ಬಕೆಟ್ಟಿನಷ್ಟೇ ಆಳ. ಅದೂ ಗೀಜರ್ ಆನ್ ಮಾಡಿದ ಮೇಲೆ.

ಪಟ್ಟಿ ಎಂಟು ತಿಂಗಳು ತೆಪ್ಪಗಿತ್ತು. ಜನವರಿಯ ಒಂದು ಶನಿವಾರ ಎದ್ದು ಬಂತು. ಸೋಮವಾರ ಬೆಳಿಗ್ಗೆ ಏಳೂವರೆಗೆ ಕುಣಿಗಲ್ ದೊಡ್ಡಕೆರೆಯಲ್ಲಿ ‘ತಣ್ಣೀರಿನಲ್ಲಿ ಈಜುವ ಹಾಗೂ ಧುಮುಕುವ ಅಪಾಯಗಳು’ ಕುರಿತು ಜಾಗೃತಿ ಮತ್ತು ಅಣಕು ಕಾರ್ಯಾಚರಣೆ. ಪಟ್ಟಿಯ ಹತ್ತೂ ಈಜುಗಾರರ ಹಾಜರಿ ಕಡ್ಡಾಯ. ವೀಕ್ಷಣೆಗೆ ಜಿಲ್ಲಾ ಕಚೇರಿಯಿಂದ ಪರಮಶಿವಯ್ಯ ಸಾಹೇಬರು.

ಪರಮಶಿವಯ್ಯ ಎಂದರೆ ವರ್ಗಾವಣೆ ಫೈಲು. ನಾಲ್ಕು ವರ್ಷದಿಂದ ಗಂಗರಾಜು ಐದು ಗಂಟೆಗೆ ಎದ್ದು, ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ, ತೂಕಡಿಸುತ್ತ ಬರುತ್ತಿದ್ದ. ಅವನ ಜೀವನದ ಆಸೆ ಒಂದೇ: ತುಮಕೂರಿಗೆ ಟ್ರಾನ್ಸ್‌ಫರ್ ಆಗಬೇಕು, ಬೆಳಿಗ್ಗೆ ಎಂಟು ಗಂಟೆವರೆಗೆ ಮಲಗಬೇಕು, ಬಿಸಿ ದೋಸೆಯನ್ನು ಬಿಸಿಯಾಗಿರುವಾಗಲೇ ತಿನ್ನಬೇಕು. ಆ ಆಸೆಗೆ ಬೇಕಾದ ಸಹಿ ಪರಮಶಿವಯ್ಯನವರ ಜೇಬಿನ ಪೆನ್ನಿನಲ್ಲಿತ್ತು.

*

ಸೋಮವಾರ ಬೆಳಗಿನ ಐದು ಗಂಟೆಗೆ ಹೆಂಡತಿ ಆಶಾರಾಣಿ ಕಾಫಿ ಕುಕ್ಕಿ ಕೇಳಿದಳು.

"ಈಜು ಬರಲ್ಲ ಅಂತ ಹೇಳ್ಬಿಡ್ರಿ. ಅದ್ರಲ್ಲೇನಿದೆ ನಾಚ್ಕೆ?"

"ಹೇಳಿದ್ರೆ ಸುಳ್ಳು ಮಾಹಿತಿ ಕೊಟ್ಟೆ ಅಂತ ನೋಟಿಸು. ಟ್ರಾನ್ಸ್‌ಫರ್ ಮಾಡ್ತಾರೆ, ಜಿಲ್ಲೆಯ ಆ ತುದೀಗೆ, ಪಾವಗಡಕ್ಕೆ."

"ಹೇಳ್ದೆ ಇದ್ರೆ?"

"ಆಗ್ಲೂ ಟ್ರಾನ್ಸ್‌ಫರ್ರೇ. ಮೇಲಕ್ಕೆ."

ಭಾನುವಾರವಿಡೀ ಅವನು ಮೊಬೈಲಿನಲ್ಲಿ ತಣ್ಣೀರಿನ ಅಪಾಯಗಳನ್ನು ಓದಿದ್ದ. ಓದಿದಷ್ಟೂ ಜ್ಞಾನ ಹೆಚ್ಚಿತು, ಧೈರ್ಯ ಇಳಿಯಿತು. ರಾತ್ರಿ ಕೈ ತೊಳೆಯಲು ನಲ್ಲಿ ತಿರುಗಿಸುವಾಗಲೂ ಅವನು ಮೊದಲು ಉಸಿರು ಬಿಗಿಹಿಡಿದಿದ್ದ.

ರಸ್ತೆಯ ಮೂಲೆಯಲ್ಲಿ ಖುರ್ಷಿದ್ ಪಾಷಾ ಪಂಕ್ಚರ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಬೀದಿಯ ಯಾರ ಕಷ್ಟವೂ ಅವರಿಗೆ ಪಂಕ್ಚರಿನಂತೆಯೇ ಕಾಣುತ್ತಿತ್ತು. ಎಲ್ಲಿ ಗಾಳಿ ಹೋಗುತ್ತಿದೆ ನೋಡು, ಪ್ಯಾಚ್ ಹಾಕು, ಮುಗಿಯಿತು.

"ಅರೇ ಗಂಗರಾಜ್ ಸಾರ್, ಆಶಾ ಮೇಡಂ ಎಲ್ಲಾ ಹೇಳಿದ್ರು. ಟೆನ್ಷನ್ ಯಾಕೆ? ನನ್ ಹತ್ರ ಆಟೋ ಟ್ಯೂಬ್ ಐತೆ. ಹೊಟ್ಟೆಗ್ ಹಾಕ್ಕೊಳ್ಳಿ, ಮೇಲೆ ಸ್ವೆಟರ್ ಎಳ್ಕೊಳ್ಳಿ. ಹೆಂಗ್ ತೇಲ್ತೀರಾ ಅಂದ್ರೆ, ಮುಳುಗು ಅಂದ್ರೂ ಮುಳುಗಲ್ಲ!"

"ಪಂಕ್ಚರ್ ಆಗಿರೋ ಟ್ಯೂಬಾ ಪಾಷಾ ಭಾಯ್?"

"ಆಗಿತ್ತು. ಪ್ಯಾಚ್ ಹಾಕಿದೀನಿ. ನನ್ ಪ್ಯಾಚ್ ಹಾಕಿರೋ ಆಟೋ ಶಿರಾಡಿ ಘಾಟ್ ಇಳಿದು ಹತ್ತಿ ಬಂದೈತೆ ಸಾರ್!"

ಆ ಆಟೋ ಘಾಟಿಯ ರಸ್ತೆಯ ಮೇಲೆ ಹೋಗಿತ್ತೇ ಹೊರತು ನೀರಿನ ಮೇಲಲ್ಲ ಎಂಬ ಸಣ್ಣ ವಿಷಯ ಗಂಗರಾಜುವಿಗೆ ಹೊಳೆಯಲಿಲ್ಲ. ಪಾಷಾ ಅವನ ಸೊಂಟಕ್ಕೆ ಟ್ಯೂಬ್ ತೊಡಿಸಿ ಗಾಳಿ ಹೊಡೆದರು. ಅತ್ತೆ ಹೆಣೆದುಕೊಟ್ಟಿದ್ದ ನೇರಳೆ ಸ್ವೆಟರ್ ಅದರ ಮೇಲೆ ಹಿಗ್ಗಿ ನಿಂತಿತು. ಮಂಕಿ ಟೋಪಿಯೂ ಸೇರಿ, ಗಂಗರಾಜು ಬಸ್ ಹತ್ತುವಾಗ ಬದನೆಕಾಯಿಗೆ ಕಾಲು ಬಂದಂತೆ ಕಾಣುತ್ತಿದ್ದ.

"ಹೊಟ್ಟೆ ಸ್ವಲ್ಪ ಒಳಗ್ ತಗೊಳಿ ಸಾರ್, ಜನ ನಿಲ್ಬೇಕು" ಎಂದ ಕಂಡಕ್ಟರ್.

"ಆಗಲ್ಲಪ್ಪ."

ಕಂಡಕ್ಟರ್ ಮೇಲಿಂದ ಕೆಳಕ್ಕೆ ನೋಡಿ, "ಗೌರ್ಮೆಂಟ್ ಸರ್ವೀಸಾ?" ಎಂದು ಗೌರವದಿಂದ ಕೇಳಿದ.

ಹೆಬ್ಬೂರಿನ ರೋಡ್ ಹಂಪಿನಲ್ಲಿ ಬಸ್ಸು ಎಗರಿದಾಗ ಹಿಂದೆ ನಿಂತಿದ್ದ ಇಬ್ಬರು ಬಂದು ಗಂಗರಾಜುವಿಗೆ ಬಡಿದು, ಬಂದಷ್ಟೇ ವೇಗದಲ್ಲಿ ವಾಪಸ್ ಹೋದರು. ಟ್ಯೂಬಿನ ಮೇಲೆ ಅವನಿಗೆ ಭರವಸೆ ಮೂಡಿತು.

*

ಕೆರೆಯ ಮೇಲೆ ಮಂಜು ಕಂಬಳಿ ಹೊದ್ದು ಮಲಗಿತ್ತು. ಏರಿಯ ಮೇಲೆ ಶಾಮಿಯಾನ, ಬ್ಯಾನರು, ನೂರಿನ್ನೂರು ಜನ, ಕೈಯಲ್ಲಿ ಮೈಕ್ ಹಿಡಿದ ನಾಸಿರ್. ನಾಸಿರನಿಗೆ ಮೈಕ್ ಸಿಕ್ಕರೆ ಅವನ ಗಂಟಲೇ ಬದಲಾಗುತ್ತಿತ್ತು. ಒಂದು ಗಳಿಗೆ ರೇಡಿಯೋ ವಾರ್ತೆ, ಇನ್ನೊಂದು ಗಳಿಗೆ ಕ್ರಿಕೆಟ್ ಕಾಮೆಂಟರಿ. ಅವನು ವಾರ್ತೆಯ ಗಂಟಲಿನಲ್ಲಿ ಹಾಜರಿ ಓದಿದ: "ಹತ್ತು ಈಜುಗಾರರ ಪೈಕಿ, ಇಬ್ಬರಿಗೆ ಮಂಡಿ ಆಪರೇಷನ್. ಒಬ್ಬರು ದುಬೈನಲ್ಲಿ. ಇಬ್ಬರು ಮದುವೆ ಊಟದಲ್ಲಿ. ಮೂವರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಹಾಜರಿರುವವರು, ಪಟ್ಟಿಯ ಮೊದಲನೇ ಹೆಸರು, ಕೊತ್ತಗೆರೆಯ ಶ್ರೀ ಓಬಳಯ್ಯ. ಮತ್ತು ಹತ್ತನೇ ಹೆಸರು, ನಮ್ಮವರೇ ಆದ ಶ್ರೀ ಗಂಗರಾಜು!"

ಗಂಗರಾಜು ಆಸೆಗಣ್ಣಿನಿಂದ ಓಬಳಯ್ಯನನ್ನು ಹುಡುಕಿದ. ಎಪ್ಪತ್ತಾರು ವರ್ಷದ ಮುದುಕ, ಮೈತುಂಬ ಕಂಬಳಿ. ಬೆಳಗಿನ ಜಾವವೇ ಹುಣಸೆಹಣ್ಣು ಕೀಳುತ್ತಿದ್ದವನನ್ನು ಮರದ ಬುಡದಿಂದ ಜೀಪಿಗೆ ಹತ್ತಿಸಿಕೊಂಡು ಬಂದಿದ್ದರು. ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು ದೋಟಿಯನ್ನು ಬಿಟ್ಟು ಬರಲು ಮುದುಕ ಒಪ್ಪದೆ, ಅದು ಜೀಪಿನ ಕಿಟಕಿಯಿಂದಾಚೆ ಅರ್ಧ ರಸ್ತೆಗೆ ಚಾಚಿಕೊಂಡು ಬಂದಿತ್ತು. ಪಟ್ಟಿ ಹುಟ್ಟಿದಾಗಿನಿಂದ ಮೊದಲನೇ ಸಾಲಿನಲ್ಲಿರುವ ಈಜುಗಾರ! ಗಂಗರಾಜುವಿಗೆ ಕಾಲಿಗೆ ಬೀಳುವಷ್ಟು ಭಕ್ತಿ ಬಂತು. ಟ್ಯೂಬ್ ಅಡ್ಡ ಬಂದದ್ದರಿಂದ ಬೀಳಲಿಲ್ಲ.

ತಹಶೀಲ್ದಾರ್ ಸುಶ್ಮಿತಾ ಮೇಡಂ ಕೊರಳಿಗೆ ಸೀಟಿ, ಕೈಗೆ ಮೊಬೈಲ್ ಹಿಡಿದು ಬಂದರು. "ಒಬ್ರು ಮುಳುಗ್ಬೇಕು, ಒಬ್ರು ಕಾಪಾಡ್ಬೇಕು. ಯಾರು ಯಾವ್ದು?"

"ನಾನ್ ಮುಳುಗ್ತೀನಿ ಮೇಡಂ!" ಎಂದ ಗಂಗರಾಜು.

"ನಾನೇ ಮುಳುಗ್ತೀನಿ ಬುಡವ್ವ!" ಎಂದ ಓಬಳಯ್ಯ, ಅದೇ ಉಸಿರಿನಲ್ಲಿ.

ಮುಳುಗಲು ಇಷ್ಟೊಂದು ಪೈಪೋಟಿಯನ್ನು ಮೇಡಂ ನಿರೀಕ್ಷಿಸಿರಲಿಲ್ಲ.

"ಅಜ್ಜ, ಈ ವಯಸ್ಸಲ್ಲಿ ನೀವ್ ಮುಳುಗೋದಾ? ಛೇ ಛೇ! ನೀವು ಕಾಪಾಡಿ" ಎಂದ ಗಂಗರಾಜು ಗಾಬರಿಯಿಂದ.

"ಕಾಪಾಡೋದ್ ವಯಸ್ಸುಡುಗ್ರು ಕೆಲ್ಸ ಕಣಪ್ಪ. ಮುಳುಗೋದಕ್ಕೆ ಏನ್ ಶಕ್ತಿ ಬೇಕು? ನಾನು ಮುಳುಗ್ತೀನಿ."

"ಸೀನಿಯಾರಿಟಿ ಪ್ರಕಾರ ಹೋಗೋಣ" ಎಂದು ಮೇಡಂ ತೀರ್ಪು ಕೊಟ್ಟರು. "ಒಂದನೇ ನಂಬರ್ ಕಾಪಾಡ್ಲಿ, ಹತ್ತನೇ ನಂಬರ್ ಮುಳುಗ್ಲಿ. ಒಂದ್ ಸೀಟಿಗೆ ಮುಳುಗೋದು, ಎರಡ್ ಸೀಟಿಗೆ ಕಾಪಾಡೋದು."

ಓಬಳಯ್ಯ ಮುಖ ಸಣ್ಣದು ಮಾಡಿಕೊಂಡು, ನೀರಿನಿಂದ ಎಂಟು ಮೆಟ್ಟಿಲು ಮೇಲೆ ಹೋಗಿ ಕುಳಿತ. ಅನುಭವಸ್ಥರು ದೂರದಿಂದಲೇ ನೀರನ್ನು ಅಳೆಯುತ್ತಾರೆಂದು ಗಂಗರಾಜು ತಿಳಿದುಕೊಂಡ.

ಅಷ್ಟರಲ್ಲಿ ಪರಮಶಿವಯ್ಯ ಸಾಹೇಬರ ಕಾರು ಬಂತು. ಎರಡು ಸ್ವೆಟರ್, ಒಂದು ಮಫ್ಲರ್, ಕೈಯಲ್ಲಿ ಫ್ಲಾಸ್ಕು. ನೆಗಡಿಯಿಂದ ಅವರ ಮೂಗಿನ ಎರಡೂ ಕಡೆ ರಸ್ತೆ ಬಂದ್ ಆಗಿತ್ತು. ಹಾಗಾಗಿ ‘ಮ’ಕಾರ ‘ಬ’ಕಾರವಾಗಿ, ‘ನ’ಕಾರ ‘ದ’ಕಾರವಾಗಿ ಹೊರಬೀಳುತ್ತಿದ್ದವು.

"ಶುರು ಬಾಡಿ, ಬೇಡಂ" ಎಂದರು.

ಗಂಗರಾಜು ಅದನ್ನು ‘ಬೇಡ’ ಎಂದೇ ಕೇಳಿಸಿಕೊಂಡು ಅರ್ಧ ತಿರುಗಿದ್ದ. ನಾಸಿರ್ ಹಿಡಿದು ನಿಲ್ಲಿಸಿ, "ಶುರು ಮಾಡಿ ಮೇಡಂ ಅಂದ್ರು ಸಾರ್" ಎಂದು ಕಿವಿಯಲ್ಲಿ ಅನುವಾದಿಸಿದ.

ಉಳಿದದ್ದು ಒಂದೇ ದಾರಿ. ಗಂಗರಾಜು ಮೈಕ್ ಕಿತ್ತುಕೊಂಡ.

"ಮಾನ್ಯರೇ, ಮುಳುಗುವುದಕ್ಕೆ ಮೊದಲು ನಾಲ್ಕು ಮಾತು! ತಣ್ಣೀರಿಗೆ ಏಕಾಏಕಿ ಧುಮುಕಿದರೆ ಏನಾಗುತ್ತೆ? ಮೈಗೆ ಶಾಕ್! ಗಕ್ಕಂತ ಉಸಿರು ಎಳ್ಕೋತೀವಿ. ಆಗ ಬಾಯಿ ನೀರೊಳಗಿದ್ರೆ ಬರೋದು ಗಾಳಿ ಅಲ್ಲ, ಕೆರೆ! ಮೊದಲ ಒಂದು ನಿಮಿಷ ಉಸಿರು ನಮ್ಮ ಮಾತು ಕೇಳಲ್ಲ. ಹೃದಯ ತಮಟೆ ಹೊಡೆಯುತ್ತೆ. ಐದಾರು ನಿಮಿಷಕ್ಕೆ ಕೈಕಾಲು ಮರಗಟ್ಟಿ, ಒಲಿಂಪಿಕ್ಸ್‌ಗೆ ಹೋಗಿ ಬಂದವನಿಗೂ ಈಜು ಮರೆತುಹೋಗುತ್ತೆ! ಆಳ ಗೊತ್ತಿಲ್ಲದ ಕಡೆ ತಲೆ ಮುಂದಾಗಿ ಹಾರೋದು ಅಂದ್ರೆ, ತಲೆ ಇಲ್ಲದವರು ಮಾಡೋ ಕೆಲಸ! ಕುಡಿದು ಇಳೀಬಾರದು, ಒಬ್ಬರೇ ಇಳೀಬಾರದು, ರೀಲ್ಸ್‌ಗೋಸ್ಕರ ಅಂತೂ ಇಳೀಲೇಬಾರದು. ಇಳಿಯಲೇಬೇಕಾದ್ರೆ ಮೊದಲು ಪಾದ, ಆಮೇಲೆ ಕೈ, ಆಮೇಲೆ ಮುಖ, ನಿಧಾನಕ್ಕೆ ಒದ್ದೆ ಮಾಡ್ಕೊಳ್ಳಿ. ಅಕಸ್ಮಾತ್ ಬಿದ್ದರೆ ಒದ್ದಾಡಬೇಡಿ, ಮಲಗಿ, ತೇಲಿ, ಉಸಿರು ಹದಕ್ಕೆ ಬರಲಿ. ಆದ್ದರಿಂದ ಮಾನ್ಯರೇ, ಇಂಥ ಚಳಿಯಲ್ಲಿ ಯಾರೂ ನೀರಿಗೆ ಇಳಿಯದೆ ಇರೋದೇ ಇವತ್ತಿನ ಅತ್ಯುತ್ತಮ ಪ್ರಾತ್ಯಕ್ಷಿಕೆ ಅಂತ ನನ್ನ ವಿನಮ್ರ ಅಭಿಪ್ರಾಯ!"

ಇಪ್ಪತ್ತು ನಿಮಿಷ ಹೀಗೇ ಎಳೆದ. ಚಪ್ಪಾಳೆ ಬಿತ್ತು. ಪರಮಶಿವಯ್ಯನವರು ಕರವಸ್ತ್ರದೊಳಗಿಂದ ನಕ್ಕರು. "ಬಹಳ ಚೆದ್ದಾಗಿ ಹೇಳಿದ್ರಿ, ಗಗ್ಗರಾಜು. ಈಗ ಬುಳುಗಿ."

ಸೀಟಿ ಕೂಗಿತು.

ಗಂಗರಾಜು ತನ್ನ ಭಾಷಣದ ಪ್ರಕಾರವೇ ಇಳಿದ. ಪಾದ ಒದ್ದೆ ಮಾಡಿದ. ಕೈ ಒದ್ದೆ ಮಾಡಿದ. ಮುಖಕ್ಕೆ ನೀರು ಚಿಮುಕಿಸಿಕೊಳ್ಳಲು ಬಗ್ಗಿದ. ಪಾಚಿ ಕಟ್ಟಿದ ಮೆಟ್ಟಿಲು ಅವನ ಭಾಷಣ ಕೇಳಿರಲಿಲ್ಲ. ಕಾಲು ಜಾರಿತು. ಜೀವಮಾನದಲ್ಲಿ ಅವನು ಯಾವ ಕಚೇರಿಗೂ ಅಷ್ಟು ಬೇಗ ಪ್ರವೇಶಿಸಿರಲಿಲ್ಲ.

ಚಳಿ ಎಂದರೆ ಎಂಥ ಚಳಿ! ನೂರು ಜನ ಜಿಲ್ಲಾಧಿಕಾರಿಗಳು ಒಟ್ಟಿಗೆ ಬೈದರೂ ಹಾಗೆ ಮೈ ಜುಮ್ಮೆನ್ನುತ್ತಿರಲಿಲ್ಲ. ಗಕ್ಕನೆ ಉಸಿರು ಎಳೆದ, ಓದಿದ್ದ ಹಾಗೆಯೇ. ಬಾಯಿಗೆ ಕೆರೆ ಬಂತು, ಹೇಳಿದ್ದ ಹಾಗೆಯೇ. ಎದೆಯಲ್ಲಿ ತಮಟೆ. ಒದ್ದಾಡಬಾರದು, ಮಲಗಬೇಕು ಎಂದು ನೆನಪಾಯಿತು. ಆದರೆ ನೆನಪು ತಲೆಯಲ್ಲಿತ್ತು, ಒದ್ದಾಡುತ್ತಿದ್ದದ್ದು ಕೈಕಾಲು. ಅವೆರಡರ ನಡುವೆ ಪತ್ರವ್ಯವಹಾರ ನಿಂತುಹೋಗಿತ್ತು.

ಟ್ಯೂಬ್ ಅವನನ್ನು ಮೇಲೆತ್ತಿತು. ಗಂಗರಾಜು ಮನಸ್ಸಿನಲ್ಲೇ ಪಾಷಾ ಭಾಯಿಗೆ ಕೈ ಮುಗಿದ. ಮುಗಿದ ಕೈ ಬಿಡುವಷ್ಟರಲ್ಲಿ ಹೊಟ್ಟೆಯ ಹತ್ತಿರ ‘ಪುಸ್ಸ್’ ಎಂದಿತು. ಶಿರಾಡಿ ಘಾಟ್ ಇಳಿದು ಹತ್ತಿದ್ದ ಪ್ಯಾಚು ಕುಣಿಗಲ್ ಕೆರೆಯಲ್ಲಿ ಕೈಕೊಟ್ಟಿತ್ತು. ಗಾಳಿ ಹೊರಟ ರಭಸಕ್ಕೆ ಗಂಗರಾಜು ಬುಗುರಿಯಂತೆ ಎರಡು ಸುತ್ತು ತಿರುಗಿದ. ಸುತ್ತಲೂ ಗುಳುಗುಳು ಗುಳ್ಳೆಗಳೆದ್ದವು.

ನಾಸಿರ್ ಕ್ರಿಕೆಟ್ ಗಂಟಲಿಗೆ ಬಂದಿದ್ದ. "ಅದ್ಭುತ! ಅತ್ಯದ್ಭುತ! ಏನು ಒದ್ದಾಟ, ಏನು ಗುಳ್ಳೆ! ಇಂಥ ನೈಜ ಮುಳುಗಾಟವನ್ನು ಈ ಮೈದಾನದಲ್ಲಿ ಯಾರೂ ನೋಡಿಲ್ಲ ಸ್ನೇಹಿತರೇ!"

"ಕಾಪಾಡೀ! ನಿಜ್ವಾಗ್ಲೂ ಮುಳುಗ್ತಾ ಇದೀನಿ!" ಎಂದು ಗಂಗರಾಜು ಕಿರುಚಿದ.

"ಡೈಲಾಗ್ ನೋಡ್ಲಾ!" ಎಂದು ಏರಿಯ ಮೇಲಿಂದ ಯಾರೋ ಶಿಳ್ಳೆ ಹೊಡೆದರು. ಚಪ್ಪಾಳೆಯೋ ಚಪ್ಪಾಳೆ.

ಎರಡನೇ ಸೀಟಿ ಊದಬೇಕಾದ ಮೇಡಂ ವಿಡಿಯೋ ತೆಗೆಯುತ್ತಿದ್ದರು. "ಗಂಗರಾಜು, ಸ್ವಲ್ಪ ಈ ಕಡೆ ತಿರುಗಿ ಮುಳುಗಿ! ಬಿಸಿಲು ಲೆನ್ಸಿಗೆ ಹೊಡೀತಾ ಇದೆ!"

ಗಂಗರಾಜು ಮೂರನೇ ಸಲ ಒಳಗೆ ಹೋಗಿ, ಟೋಪಿಯಿಲ್ಲದೆ ಮೇಲೆ ಬಂದ. ಬಾಯಿ ತೆರೆಯಿತು, ಮಾತು ಬರಲಿಲ್ಲ. ಕಣ್ಣು ಮಾತ್ರ ಮೇಲೆ ನೋಡಿತು. ಆ ಕಣ್ಣನ್ನು ನೋಡಿದವನು ಓಬಳಯ್ಯ ಒಬ್ಬನೇ.

"ಅಯ್ಯೋ ನಿಮ್ಮ! ನಿಜ್ವಾಗ್ಲೂ ಹೋಗ್ತಾವ್ನೆ ಕಣ್ರೋ!" ಎಂದು ಕೂಗುತ್ತ, ಸೀಟಿಗೂ ಕಾಯದೆ, ಮುದುಕ ದಡಬಡ ಇಳಿದ. ಆದರೆ ನೀರಿಗೆ ಇನ್ನೂ ಮೂರು ಮೆಟ್ಟಿಲಿರುವಾಗಲೇ ಗಕ್ಕನೆ ನಿಂತ. ಅಲ್ಲಿಂದ ದೋಟಿ ಚಾಚಿದ. ಕೊಕ್ಕೆ ನೇರಳೆ ಸ್ವೆಟರಿನ ಕಾಲರಿಗೆ ಬಿತ್ತು. ಹುಣಸೆ ಗೊಂಚಲಿಗೆ ಕೊಡುವಂತೆ ಒಂದು ತಿರುವು ಕೊಟ್ಟು ಎಳೆದ. ಗಂಗರಾಜು ಉದುರಿದ ಹಣ್ಣಿನಂತೆ ಮೆಟ್ಟಿಲ ಮೇಲೆ ಬಂದು ಬಿದ್ದು, ಅರ್ಧ ಕೆರೆಯನ್ನು ವಾಪಸ್ ಮಾಡಿದ.

*

ಪರಮಶಿವಯ್ಯನವರು ಎದ್ದು ಬಂದರು.

"ಏದಜ್ಜ, ದೀವು ಯಾಕೆ ದೀರಿಗೆ ಇಳೀಲಿಲ್ಲ?"

"ನೀರಿಗಾ? ಇಂಥ ಚಳೀಲಿ ಯಾವನ್ ಇಳೀತಾನೆ ಸ್ವಾಮಿ?" ಎಂದ ಓಬಳಯ್ಯ, ಕಂಬಳಿ ಬಿಗಿ ಮಾಡಿಕೊಳ್ಳುತ್ತ.

ಗಂಗರಾಜು ಕಣ್ಣು ಮುಚ್ಚಿಕೊಂಡ. ಮುಗಿಯಿತು, ಪಾವಗಡ.

"ಶಹಬ್ಬಾಸ್!" ಎಂದು ಪರಮಶಿವಯ್ಯ ಗುಡುಗಿದರು. "ಇದೇ ದಿಯಬ! ಕಾಪಾಡೋಕೆ ಹೋದವದೂ ಹಾರಿ, ಇಬ್ಬರೂ ಬುಳುಗೋದೇ ಎಲ್ಲ ಕಡೆ ಆಗ್ತಿರೋದು. ದೀರಿಗೆ ಇಳೀಬೇಡಿ, ದಡದಿಂದಲೇ ಕೋಲು ಚಾಚಿ ಅಂತ ಪುಸ್ತಕದಲ್ಲಿದೆ. ಇವತ್ತು ಕಣ್ಣಾರೆ ದೋಡಿದೆ. ಬೇಡಂ, ಇದಕ್ಕೆ ‘ಕುಣಿಗಲ್ ಬಾದರಿ’ ಅಂತ ಹೆಸರಿಡಿ!"

ಮಾದರಿಯನ್ನು ಕಂಬಳಿಯಲ್ಲಿ ಸುತ್ತಿ ಕುರ್ಚಿಯ ಮೇಲೆ ಕೂರಿಸಿದರು. ಪರಮಶಿವಯ್ಯ ತಮ್ಮ ಫ್ಲಾಸ್ಕಿನ ಕಾಫಿಯನ್ನೇ ಅವನಿಗೆ ಬಗ್ಗಿಸಿ, "ಏದು ಬೇಕು ಕೇಳಿ, ಗಗ್ಗರಾಜು" ಎಂದರು.

ಹಲ್ಲು ಕಟಕಟ ಎನ್ನುತ್ತಿದ್ದರೂ ಗಂಗರಾಜುವಿನ ಬಾಯಿಂದ ಒಂದೇ ಒಂದು ಮಾತು ಸರಿಯಾಗಿ ಹೊರಟಿತು. "ತು-ತು-ತುಮಕೂರು."

ಕಾರಿನೊಳಗಿದ್ದ ವರ್ಗಾವಣೆ ಫೈಲು ಬಾನೆಟ್ ಮೇಲೆಯೇ ಬಿಚ್ಚಿಕೊಂಡಿತು. ಜೇಬಿನಿಂದ ಆ ಪೆನ್ನು ಹೊರಬಂತು. ಗಂಗರಾಜು ನಾಲ್ಕು ವರ್ಷ ಕನಸಿನಲ್ಲಿ ಕಂಡಿದ್ದ ಸಹಿ, ಕಣ್ಣೆದುರೇ ಬಾಲ ಸಮೇತ ಬಿತ್ತು. ನಾಸಿರನ ಹತ್ತಿರ ಬಿಟ್ಟಿದ್ದ ಫೋನ್ ಕಿತ್ತುಕೊಂಡು ಹೆಂಡತಿಗೆ ಹೇಳಿದ.

"ನಿಜ್ವಾಗ್ಲೂನಾ?" ಆಶಾರಾಣಿ ಆ ಕಡೆಯಿಂದ ಅತ್ತೇಬಿಟ್ಟಳು. "ನಾಳೆಯಿಂದ ಎಂಟ್ ಗಂಟೆವರ್ಗೂ ಮಲ್ಕೊಳ್ರಿ. ಯಾರ್ ಎಬ್ಬಿಸ್ತಾರೋ ನೋಡೇಬಿಡ್ತೀನಿ. ಅಂದ ಹಾಗೆ ಪಾಷಾ ಭಾಯ್ ಟ್ಯೂಬ್ ಕೇಳ್ತಿದ್ರು, ಆಟೋದವ್ನು ಬಂದು ಕೂತವ್ನಂತೆ."

ಕಾರು ಹತ್ತುತ್ತಿದ್ದ ಪರಮಶಿವಯ್ಯ ಗಾಜು ಇಳಿಸಿದರು. "ಗಗ್ಗರಾಜು, ತುಬಕೂರಲ್ಲಿ ದಿಬಗೆ ಬೇರೆ ಕೆಲಸ ಏದೂ ಇಲ್ಲ. ಈ ಬಾದರಿ ಜಿಲ್ಲೆಯ ಎಲ್ಲ ತಾಲ್ಲೂಕಿಗೂ ಬೇಕು. ಪ್ರತಿ ಸೋಬವಾರ ಒಂದೊಂದು ಕೆರೆ. ಚಳಿ ಚೆದ್ದಾಗಿರಲಿ ಅಂತ ಬೆಳಿಗ್ಗೆ ಆರಕ್ಕೇ ಇಟ್ಟಿದ್ದೇದೆ. ಗುಬ್ಬಿ, ತಿಪಟೂರು, ಶಿರಾ, ಪಾವಗಡ!"

ಇಷ್ಟು ಹೊತ್ತು ಅವರ ಒಂದು ಮಾತೂ ನೆಟ್ಟಗೆ ಕೇಳಿಸಿರಲಿಲ್ಲ. ಮೂಗಿನ ಹಂಗಿಲ್ಲದ ಆ ನಾಲ್ಕು ಊರುಗಳ ಹೆಸರು ಮಾತ್ರ ಅಕ್ಷರ ಅಕ್ಷರವಾಗಿ ಗಂಗರಾಜುವಿನ ಕಿವಿಯಲ್ಲಿ ಇಳಿದವು. ಆರಕ್ಕೆ ಪಾವಗಡದಲ್ಲಿರಬೇಕೆಂದರೆ ಮರಳೂರು ಬಿಡುವುದು ಎಷ್ಟು ಗಂಟೆಗೆ? ಮೂರಕ್ಕೆ. ಏಳುವುದು? ಎರಡೂವರೆಗೆ.

ಕಾರು ಹೋಯಿತು. ಜನ ಕರಗಿದರು. ಏರಿಯ ಕೆಳಗಿನ ಟೀ ಅಂಗಡಿಯಲ್ಲಿ ಓಬಳಯ್ಯ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಪಕ್ಕದಲ್ಲಿ ದೋಟಿ. ಗಂಗರಾಜು ಹೋಗಿ ಅವನ ಎರಡೂ ಕಾಲು ಹಿಡಿದುಕೊಂಡ. ಈಗ ಟ್ಯೂಬ್ ಅಡ್ಡವಿರಲಿಲ್ಲ.

"ಅಜ್ಜ, ನಿನ್ ಹತ್ರ ಸುಳ್ ಹೇಳಲ್ಲ. ನಂಗೆ ಈಜು ಬರಲ್ಲ. ಪಟ್ಟೀಲಿ ಒಂದ್ ಸಾಲು ಖಾಲಿ ಇತ್ತು ಅಂತ ನನ್ ಹೆಸ್ರು ಬರ್ಕೊಂಡೆ. ಮುಂದಿನ್ ಸೋಮವಾರ ಗುಬ್ಬಿ. ಆರ್ ದಿನ ಇದೆ. ಹೆಂಗಾದ್ರೂ ಮಾಡಿ ನಂಗೆ ಈಜು ಕಲಿಸ್ಬಿಡು."

ಓಬಳಯ್ಯ ಬನ್ನನ್ನು ಟೀ ಲೋಟದ ಮೇಲಿಟ್ಟು ಅವನ ಕಡೆ ತಿರುಗಿದ.

"ನಿಂದೂ ಹಂಗೇನಾ?" ಎಂದ.

"ಹಂಗೇನಾ ಅಂದ್ರೆ?"

"ಆ ಹಳೇ ಗುಮಾಸ್ತ ಲಕ್ಷ್ಮೀನರಸಿಂಹಯ್ಯ ಒಂದಿನ ನಮ್ಮನೆತಾಕೆ ಹುಣಸೆಹಣ್ಣಿಗೆ ಬಂದಿದ್ರು ಕಣಪ್ಪ. ‘ಓಬಳಯ್ಯ, ಒಂದ್ ಪಟ್ಟಿ ಶುರು ಮಾಡ್ಬೇಕು, ನಿನ್ ಹೆಸ್ರು ಬರ್ಕೊಳ್ಳಾ?’ ಅಂದ್ರು. ಪಿಂಚಣಿಗೇನೋ ಅನ್ಕೊಂಡು ಹೂಂ ಅಂದೆ. ಅವ್ರು ಆಫೀಸಲ್ಲಿ ಇರೋಗಂಟ ವರ್ಷಕ್ಕೊಂದ್ ಸಲ ಫೋನ್ ಮಾಡಿ ‘ಇದೀಯಾ?’ ಅಂತಿದ್ರು. ‘ಇದೀನಿ’ ಅಂತಿದ್ದೆ. ನೀರಿಗ್ ಇಳಿ ಅಂತಾರೆ ಅಂತ ಯಾವನಿಗ್ ಗೊತ್ತು? ನಾನು ಮಂಡಿಯಿಂದ ಮೇಲಕ್ಕೆ ಕೆರೆ ನೋಡೇ ಇಲ್ಲ."

ಗಂಗರಾಜುವಿಗೆ ದೊಡ್ಡಕೆರೆಯ ಚಳಿಯೆಲ್ಲ ಮತ್ತೊಮ್ಮೆ ಬೆನ್ನಿನಲ್ಲಿ ಇಳಿಯಿತು. ಓಬಳಯ್ಯ ಉಳಿದ ಬನ್ನಿನ ತುಂಡನ್ನು ಬಾಯಿಗೆ ಹಾಕಿಕೊಂಡು, ದೋಟಿಯನ್ನು ಹೆಗಲಿಗೇರಿಸಿ, ಅದರ ತುದಿಯನ್ನು ಅಳೆಯುವಂತೆ ನೋಡಿದ. ಆಮೇಲೆ ಮಗನಿಗೆ ಬುದ್ಧಿ ಹೇಳುವ ಧ್ವನಿಯಲ್ಲಿ ಹೇಳಿದ:

"ಹೆದರ್ಬೇಡ ಬುಡು. ಎಲ್ಲಾ ಊರ್‌ಗೂ ಜೊತೇಲಿ ಬರ್ತೀನಿ. ಇದು ಹನ್ನೆರಡ್ ಅಡಿ ಐತೆ. ಎಲ್ಲೇ ಮುಳುಗು, ಅದ್ರೊಳಗೇ ಮುಳುಗು."